ಮಾವನ ಪೆಟ್ಟಿಗೆಗಳ ಕಿವಿ

ಬಳ್ಳಾರಿ ಜಿಲ್ಲೆಯಲ್ಲಿ ನನ್ನ ಕಿವಿಗೆ ಸಮನಾದ ಕಿವಿ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೆ. ಜೀನ್ಸ್ ಪ್ಯಾಂಟು ಹೊಲಿಯುವ ಘಟಕವೊಂದರಲ್ಲಿ ನಾನು ಸೂಪರ್‌ವೈಸರ್. ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ಗುಡುಗುತ್ತಿರುವಾಗ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, "ಕಿಟಕಿ ಕಡೀ ಮೂಲಿ ಮಷೀನು, ಸೂಜಿ ಮೊಂಡಾಗೈತಿ ನೋಡ್ರಿ" ಎಂದು ಹೇಳಬಲ್ಲವನು. ಹೇಳಿದ್ದು ತಪ್ಪಾದ ದಿನ ಯಾರೂ ಬಾಯಿ ಬಿಡುವುದಿಲ್ಲ. ನಾನು ಸೂಪರ್‌ವೈಸರ್ ಅಲ್ಲವೇ.

ಆದ್ದರಿಂದ ನನ್ನ ಮಾವನ ಹಳೆಯ ಸ್ಪೀಕರ್ ಪೆಟ್ಟಿಗೆಗಳೆರಡು ಸಿರುಗುಪ್ಪದಿಂದ ಪಾರ್ವತಿನಗರದ ನಮ್ಮ ಮನೆಗೆ ಬಂದಿಳಿದ ದಿನ, ನಾನು ನಡುಮನೆಯ ನಟ್ಟನಡುವೆ ನಿಂತು ನನ್ನ ಹೆಂಡತಿ ನೀಲಾವತಿಗೆ ವಾಗ್ದಾನ ಮಾಡಿದೆ.

"ನೀಲಾ, ಭಾನುವಾರ ಅತ್ತಿ ಬರೋದ್ರಾಗ ಈ ಪೆಟಿಗಿ ಹೆಂಗ ಮಾತಾಡ್ತಾವ ನೋಡ್ತಿರು. ಹೊಸಾವು ಇದ್ದಾಗೂ ಹಂಗ ಮಾತಾಡಿರಬಾರದು."

"ಹೊಸಾವು ಇದ್ದಂಗ ಬ್ಯಾಡ" ಅಂದಳು ನೀಲಾ. "ಅಪ್ಪ ಹಚ್ಚಿದಾಗ ಹೆಂಗಿದ್ವೋ ಹಂಗಿದ್ರ ಸಾಕು."

"ಅದಕ್ಕಿಂತ ಚಲೋ ಮಾಡ್ತೀನಿ" ಅಂದೆ.

ನೀಲಾ ನನ್ನನ್ನೊಮ್ಮೆ, ಪೆಟ್ಟಿಗೆಗಳನ್ನೊಮ್ಮೆ ನೋಡಿ ಒಳಗೆ ಹೋದಳು. ಆ ನೋಟದ ಅರ್ಥ ನನಗೆ ಆಗಲೇ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನನ್ನ ಮಾವ ಎರ್ರೆಪ್ಪನವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಪ್ರಾಯದಲ್ಲಿ ಒಮ್ಮೆ ಅಕ್ಕಿ ಲಾರಿ ಹತ್ತಿ ಮದ್ರಾಸಿಗೆ ಹೋದವರು, ಬರುವಾಗ ಖಾಲಿ ಲಾರಿಯಲ್ಲಿ ಇವೆರಡನ್ನು ಹಾಕಿಕೊಂಡು ಬಂದರಂತೆ. ಸೊಂಟದೆತ್ತರದ ಮರದ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ, ಒಬ್ಬ ಎತ್ತಿದರೆ ಬೆನ್ನು ಹಿಡಿಯುವಷ್ಟು ಭಾರ. ಪ್ರತಿ ಪೆಟ್ಟಿಗೆಯ ಬೆನ್ನಿನಲ್ಲಿ ಎರಡೆರಡು ತಿರುಗುಣಿ. ಒಂದು ನಡುವಿನ ಸದ್ದನ್ನು ಹೆಚ್ಚು ಕಡಿಮೆ ಮಾಡಲು, ಇನ್ನೊಂದು ಸಣ್ಣ ಸದ್ದನ್ನು, ಅಂದರೆ ಟ್ರೆಬಲ್ಲನ್ನು. ಮಾವ ಅವಕ್ಕೆ ಕಿವಿ ಎನ್ನುತ್ತಿದ್ದರು. ದಿನವೂ ಸಂಜೆ ಗಿರಣಿಯಿಂದ ಬಂದು, ಕೈಕಾಲು ತೊಳೆದು, ನಾಟಕದ ಪದಗಳ ಒಂದು ಗ್ರಾಮಫೋನ್ ಪ್ಲೇಟು ಹಚ್ಚಿ, ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟರೆ ಮನೆಗೆ ಬೆಂಕಿ ಬಿದ್ದರೂ ಪ್ಲೇಟು ಮುಗಿಯದೆ ಏಳುತ್ತಿರಲಿಲ್ಲ.

ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರು ತೀರಿಕೊಂಡ ವಾರವೇ ಆಂಪ್ಲಿಫೈಯರೂ ಸುಟ್ಟುಹೋಗಿ ಪೆಟ್ಟಿಗೆಗಳು ಬಾಯಿ ಮುಚ್ಚಿಕೊಂಡಿದ್ದವು. ಈಗ ನನ್ನ ಭಾಮೈದ ಹುಲಿಗೇಶ ಮನೆಗೆ ಬಣ್ಣ ಹೊಡೆಸುವವನಿದ್ದ. ಪೆಟ್ಟಿಗೆಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ನನ್ನ ಅತ್ತೆ ಗಂಗಕ್ಕನವರೇ, "ನೀಲಾನ ಮನಿಗಿ ಕಳಿಸು, ಅಳಿಯಾರು ರಿಪೇರಿ ಮಾಡಿಸ್ತಾರ" ಎಂದರಂತೆ. ಪೆಟ್ಟಿಗೆಗಳಿಗಿಂತ ಮೊದಲೇ ಬಂದ ಆಂಪ್ಲಿಫೈಯರನ್ನು ನಾನು ರಿಪೇರಿ ಮಾಡಿಸಿಯೂ ಬಿಟ್ಟಿದ್ದೆ; ಪ್ಲೇಟು ತಿರುಗಿಸುವ ಪ್ಲೇಯರು ಸರಿಯಾಗಿಯೇ ಇತ್ತು. ಪೆಟ್ಟಿಗೆಗಳು ಬರುವ ಮುನ್ನಾದಿನ ಅತ್ತೆ ಫೋನ್ ಮಾಡಿ ನೀಲಾಗೆ ಹೇಳಿದ್ದರು, "ಭಾನುವಾರ ಬರ್ತೀನವ್ವ. ಅವರ ಸದ್ದು ಒಂದು ಸಲ ಕೇಳ್ಬೇಕು ಅನಿಸೈತಿ."

ನೀಲಾ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಅಪ್ಪ ಹೋದಾಗಿಂದ ಅವ್ವ ಯಾರನ್ನೂ ಏನೂ ಕೇಳಿಲ್ರಿ. ಸಾರಿಗಿ ಉಪ್ಪು ಕಡಿಮಿ ಆದ್ರೂ ಬಾಯಿ ಬಿಡಂಗಿಲ್ಲ. ಇದೊಂದು ಕೇಳ್ಯಾಳ."

ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ಮುಂದಿನ ಅನಾಹುತವನ್ನೆಲ್ಲ ಮಾಡಿದ್ದು ಇದೇ ಕೈ.

ಪೆಟ್ಟಿಗೆಗಳು ಬಂದ ಮರುದಿನ ನೀಲಾ ತರಕಾರಿಗೆ ಮಾರ್ಕೆಟ್ಟಿಗೆ ಹೋದಾಗ ಪೆಟ್ಟಿಗೆಗಳಿಗೆ ತಂತಿ ಜೋಡಿಸಿ ಪ್ಲೇಟು ಹಚ್ಚಿದೆ. ಹಾಡು ಬಂತು. ಹಾಡಿನ ಹಿಂದೆಯೇ ಕರಕರ ಎಂಬ ಸದ್ದೂ ಬಂತು. ತಿರುಗುಣಿಗಳ ಒಳಗೆ ವರ್ಷದ ತುಕ್ಕು ಕೂತಿತ್ತು. ನನಗೆ ಹಿಗ್ಗೋ ಹಿಗ್ಗು. ಕಾಯಿಲೆ ಗೊತ್ತಾದ ಮೇಲೆ ವೈದ್ಯನಿಗೆ ಏನು ಚಿಂತೆ? ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ನಾಲ್ಕೂ ಕಿವಿಗಳನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಲೆಕ್ಕ ತಪ್ಪಿದ ಹುಡುಗನ ಕಿವಿಯನ್ನು ಮೇಷ್ಟ್ರು ಹಿಂಡುವ ಹಾಗೆ ಹಿಂಡಿದೆ. ಕರಕರ ನಿಂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಿರುಗುಣಿಗಳ ಸುತ್ತ ಏನೋ ಕೆಂಪು ಕಲೆಗಳು ಕಂಡವು. ನನ್ನದು ಪ್ಯಾಂಟಿನ ಮೇಲೆ ಎಣ್ಣೆಯ ಚುಕ್ಕೆ ಕಂಡರೂ ಮಾಲು ವಾಪಸ್ ಬರುವ ಧಂದೆ. ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಘಟಕದಿಂದ ತಂದಿಟ್ಟ ಕಲೆ ತೆಗೆಯುವ ಔಷಧ ಮನೆಯಲ್ಲೇ ಇತ್ತು. ಬಟ್ಟೆಗೆ ಹಚ್ಚಿ ಒರೆಸಿದೆ. ಪೆಟ್ಟಿಗೆಯ ಬೆನ್ನು ಮದುವಣಗಿತ್ತಿಯ ಮುಖದ ಹಾಗೆ ಫಳಫಳ ಹೊಳೆಯಿತು.

ನೀಲಾ ಬಂದಳು. ಚೀಲ ಕೆಳಗಿಡುವ ಮೊದಲೇ ಅವಳ ಕೈ ಹಿಡಿದು ಪೆಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದೆ.

"ನೋಡು. ಕನ್ನಡಿ ಆದಂಗ ಆಗೈತಿ."

ಅವಳು ಬಗ್ಗಿ ನೋಡಿದಳು. ಇನ್ನೊಂದು ಪೆಟ್ಟಿಗೆಯ ಹಿಂದೂ ಬಗ್ಗಿ ನೋಡಿದಳು.

"ಇಲ್ಲಿ ಕೆಂಪು ಚುಕ್ಕಿ ಇದ್ವಲ್ಲ, ಎಲ್ಲದಾವ್ರಿ?"

"ಕಲಿ ಆಗಿದ್ವು. ಒರೆಸೀನಿ."

"ಅವು ಕಲಿ ಅಲ್ರಿ" ಅಂದಳು ನೀಲಾ. ದನಿ ಏರಲೇ ಇಲ್ಲ. ಏರಿದ್ದರೆ ಚೆನ್ನಾಗಿತ್ತು. "ನಾ ಕಾಲೇಜಿಗಿ ಹೋಗಾಗ ನನ್ನ ಉಗುರಿನ ಬಣ್ಣ ಕದ್ದು ಅಪ್ಪ ಇಟ್ಟಿದ್ದ ಗುರ್ತು. ಕಿವಿ ಎಲ್ಲಿಗಿ ತಿರುವಿ ಇಡ್ಬೇಕು ಅಂತ."

ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದೆ. ನಸುಗೆಂಪಾಗಿತ್ತು. ನಲವತ್ತು ವರ್ಷ ಒಬ್ಬ ಮನುಷ್ಯ ದಿನಾ ಸಂಜೆ ಕೂತು ಕೇಳಿದ ಸದ್ದಿನ ವಿಳಾಸ ಆ ಒರೆಸುವ ಬಟ್ಟೆಯಲ್ಲಿತ್ತು.

"ಅದಕ್ಕೇನು, ಮತ್ತ ಹುಡುಕಿದ್ರ ಸಿಗ್ತೈತಿ. ಇದು ಮಿಡ್ಲು, ಇದು ಟ್ರೆಬಲ್ಲು" ಎಂದೆ.

"ಟ್ರಬಲ್ಲು ಅಂತ ನನಗೂ ಕಾಣಾಕತ್ತೈತಿ" ಎಂದು ನೀಲಾ ತರಕಾರಿ ಚೀಲ ಎತ್ತಿಕೊಂಡು ಒಳಗೆ ಹೋದಳು.

ಹುಡುಕಾಟ ಆರಂಭವಾಯಿತು. ಇಲ್ಲೊಂದು ಕಷ್ಟವಿತ್ತು. ಕಿವಿಗಳಿರುವುದು ಪೆಟ್ಟಿಗೆಯ ಹಿಂದೆ. ಸದ್ದು ಬರುವುದು ಮುಂದೆ. ಗೋಡೆಗೂ ಪೆಟ್ಟಿಗೆಗೂ ನಡುವೆ ಹಲ್ಲಿಯ ಹಾಗೆ ಅಂಟಿಕೊಂಡು ತಿರುಗಿಸುವವನಿಗೆ ಸದ್ದು ಹೇಗಿದೆಯೆಂದು ಗೊತ್ತಾಗುವುದಿಲ್ಲ. ಸದ್ದು ಕೇಳುವವನಿಗೆ ಕೈ ನಿಲುಕುವುದಿಲ್ಲ. ಜಿಲ್ಲೆಗೇ ಹೆಸರಾದ ನನ್ನ ಕಿವಿ ಗೋಡೆ ಪಾಲಾಯಿತು. ನೀಲಾಳನ್ನು ಬೇಡಿಕೊಂಡು ಎದುರಿಗೆ ಕೂರಿಸಿದೆ.

"ಈಗ ಹೆಂಗೈತಿ?"

"ಅಪ್ಪಂದಲ್ಲ."

"ಈಗ?"

"ಇದೂ ಅಲ್ಲ."

"ಅಪ್ಪಂದು ಹೆಂಗಿತ್ತು, ಅದನ್ನಾರ ಹೇಳು."

ನೀಲಾ ಕಣ್ಣು ಮುಚ್ಚಿ ಯೋಚಿಸಿದಳು. "ಈಗಷ್ಟ ಗಂಜಿ ಬಸಿದ ಅನ್ನ ಇರ್ತೈತಲ್ಲ, ಹಂಗಿತ್ತು."

ನಾನು ಪೆಟ್ಟಿಗೆಯ ಬೆನ್ನು ನೋಡಿದೆ. ಅಲ್ಲಿ ಇಂಗ್ಲಿಷಿನಲ್ಲಿ ಹೆಚ್ಚು, ಕಡಿಮೆ ಎಂದಷ್ಟೇ ಬರೆದಿತ್ತು. ಅನ್ನದ ಸುದ್ದಿ ಇರಲಿಲ್ಲ. ಅಂದಾಜಿನಲ್ಲಿ ತಿರುಗಿಸಿದೆ.

"ಈಗ?"

"ಅನ್ನ ಸೀದಂಗಾತು."

ಸಂಜೆಯವರೆಗೆ ಇದೇ ನಡೆಯಿತು. ಅನ್ನ ಒಮ್ಮೆ ಮುದ್ದೆಯಾಯಿತು, ಒಮ್ಮೆ ಅಕ್ಕಿಯಾಗಿಯೇ ಉಳಿಯಿತು. ಪಕ್ಕದ ಮನೆಯ ಪಕ್ಕೀರಮ್ಮ ಬಾಗಿಲಿಗೆ ಬಂದು, "ಮಿಕ್ಸಿ ಕೆಟ್ಟೈತೇನವ್ವ ನೀಲಾ? ನಮ್ಮದು ಒಯ್ಯಿ ಬೇಕಾದ್ರ" ಅಂದರು.

ಹುಲಿಗೇಶನಿಗೆ ಫೋನ್ ಮಾಡಿದೆ. "ಪೆಟಿಗಿ ಹಿಂದ ಕಿವಿ ಇದ್ವಲ್ಲ, ಮಾವ ಅವನ್ನ ಯಾವ ಕಡಿ ಇಡ್ತಿದ್ರು, ನೆನಪೈತೇನು?"

"ಒಂದು ಈ ಕಡಿ, ಒಂದು ಆ ಕಡಿ ಇರ್ತಿತ್ತು ಮಾಮ" ಎಂದ.

"ಈ ಕಡಿ ಅಂದ್ರ ಯಾವ ಕಡಿ?"

"ನಾ ಕೈ ಮಾಡಿ ತೋರ್ಸಾಕತ್ತೀನಲ್ಲ" ಎಂದ. ಫೋನಿನಲ್ಲಿ.

ಸಿರುಗುಪ್ಪದ ಮನೆಯ ಫೋಟೋಗಳನ್ನೆಲ್ಲ ತರಿಸಿ ನೋಡಿದೆವು. ನಿಶ್ಚಿತಾರ್ಥ, ತೊಟ್ಟಿಲು, ಹಬ್ಬ, ಎಲ್ಲದರಲ್ಲೂ ಪೆಟ್ಟಿಗೆಗಳಿದ್ದವು. ಎಲ್ಲದರಲ್ಲೂ ಮುಂದಿನ ಮುಖ, ಮೇಲೊಂದು ಪ್ಲಾಸ್ಟಿಕ್ ಹೂಕುಂಡ. ಬೆನ್ನಿನ ಫೋಟೋ ತೆಗೆಯಬೇಕೆಂದು ಈ ಜಗತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ? ನಾನು ಊಟ ಬಿಟ್ಟೆ. ಘಟಕದಲ್ಲಿ ಸೂಜಿಗಳು ಮೊಂಡಾದವು, ಮುರಿದವು, ನನಗೆ ಏನೂ ಕೇಳಿಸಲಿಲ್ಲ. ಭಾನುವಾರ ಅತ್ತೆ ಬಂದು ಎದುರಿಗೆ ಕೂತು, ಸತ್ತ ಗಂಡನ ಸದ್ದು ಎಲ್ಲಿ ಎಂದು ಕೇಳುವುದು, ನಾನು ಒರೆಸುವ ಬಟ್ಟೆಯನ್ನು ತೋರಿಸುವುದು, ಇದೊಂದೇ ಚಿತ್ರ ಕಣ್ಣ ಮುಂದೆ.

ಆಗ ನೀಲಾಗೆ ಗುರುಸ್ವಾಮಿ ನೆನಪಾದರು.

ಗುರುಸ್ವಾಮಿ ಮಾವನ ಜೀವದ ಗೆಳೆಯ, ಬಸ್ ಕಂಡಕ್ಟರ್ ಆಗಿದ್ದವರು. ಅವರ ಬಸ್ಸು ಸಂಜೆ ಸಿರುಗುಪ್ಪದಲ್ಲಿ ನಿಂತ ದಿನವೆಲ್ಲ ಮಾವನ ಪಕ್ಕದ ಕುರ್ಚಿ ಅವರದು. ಈಗ ನಿವೃತ್ತರಾಗಿ ಕುರುಗೋಡಿನಲ್ಲಿದ್ದರು. "ಅಪ್ಪನ ಸದ್ದು ಗುರ್ತು ಹಿಡಿಯೋರು ಇದ್ರ ಅವರೊಬ್ಬರ" ಎಂದಳು ನೀಲಾ. ಆದರೆ ಅವರಿಗೆ ಮೊಣಕಾಲು ನೋವು, ಬಳ್ಳಾರಿಗೆ ಬರಲಾರರು. ಸರಿ, ಪೆಟ್ಟಿಗೆಗಳ ಪರ್ವತವೇ ಅವರ ಕಡೆ ಹೊರಟಿತು. ನಮ್ಮ ಘಟಕದಿಂದ ಹೊಲಿಯಲು ಕೊಡುವ ಬಟ್ಟೆಯ ಗಂಟುಗಳನ್ನು ಕುರುಗೋಡಿಗೆ ಒಯ್ಯುವ ಗೂಡ್ಸ್ ಆಟೋ ಇತ್ತು. ಗಂಟುಗಳ ಮೇಲೆ ಪೆಟ್ಟಿಗೆಗಳು, ಪೆಟ್ಟಿಗೆಗಳ ನಡುವೆ ನಾನು, ನನ್ನ ತೊಡೆಯ ಮೇಲೆ ಆಂಪ್ಲಿಫೈಯರೂ ಪ್ಲೇಯರೂ. ಪ್ರತಿ ಗುಂಡಿಯಲ್ಲೂ ಆಟೋ ಎಗರಿದಾಗ ಎರಡೂ ಪೆಟ್ಟಿಗೆಗಳನ್ನು ತಬ್ಬಿಕೊಂಡು, "ಮಾವ, ಕ್ಷಮಿಸ್ರಿ" ಎನ್ನುತ್ತಿದ್ದೆ. ದಾರಿಯಲ್ಲಿ ಹೋಗುವವರು ಕೈಮುಗಿದರು. ಏನೆಂದುಕೊಂಡರೋ.

ಗುರುಸ್ವಾಮಿ ಪೆಟ್ಟಿಗೆಗಳನ್ನು ನೋಡಿದ್ದೇ ಕೋಲು ಬದಿಗಿಟ್ಟು ಎರಡೂ ಕೈಯಿಂದ ಅವುಗಳ ನೆತ್ತಿ ಸವರಿದರು. ಅವರ ಹೆಂಡತಿ ಮೀನಾಕ್ಷಮ್ಮ ಕುರ್ಚಿ ಹಾಕಿದರು. ನಾನು ವಿಷಯವೆಲ್ಲ ಹೇಳಿ, ಪ್ಲೇಟು ಹಚ್ಚಿ, ಪೆಟ್ಟಿಗೆಯ ಹಿಂದೆ ಸೇರಿಕೊಂಡೆ. ಗುರುಸ್ವಾಮಿ ಕಣ್ಣು ಮುಚ್ಚಿದರು. ನಾನು ಒಂದು ಕಿವಿಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸತೊಡಗಿದೆ.

"ರೈಟ್" ಎಂದರು.

ತಕ್ಷಣ ಬಲಕ್ಕೆ ತಿರುಗಿಸಿದೆ.

"ಏ, ರೈಟ್ ಅಂದ್ನಲ್ಲ ಅಳಿಯಾ."

ಇನ್ನಷ್ಟು ಬಲಕ್ಕೆ ತಿರುಗಿಸಿದೆ.

"ರೈಟ್, ರೈಟ್. ಯಾಕ ಹಿಂದಕ್ಕ ಬರಾಕತ್ತೀದಿ?"

ತುದಿ ಮುಟ್ಟಿತ್ತು, ಇನ್ನು ಬಲ ಉಳಿದಿರಲಿಲ್ಲ. ನನಗೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಮೀನಾಕ್ಷಮ್ಮನಿಗೆ ಕರುಣೆ ಬಂತು.

"ಅವರು ರೈಟ್ ಅಂದ್ರ ಬಲಕ್ಕ ಅಂತಲ್ಲಪ್ಪ. ಹೊಂಟ ಕಡಿನ ಮುಂದಕ್ಕ ಹೋಗು ಅಂತ. ನಾನೂ ಮದುವಿ ಆದ ಹೊಸದಾಗಿ ಗೊತ್ತಿಲ್ದ ಭಾಳ ಒದ್ದಾಡೀನಿ. ಅನ್ನ ಹಾಕ್ಲೇನ್ರಿ ಅಂದ್ರ ರೈಟ್ ಅನ್ನೋರು. ಹೋಲ್ಡಾನ್ ಅನ್ನೋತನ ಹಾಕ್ತಾನ ಇರಬೇಕು."

ಆಮೇಲೆ ಕೆಲಸ ಸಲೀಸಾಯಿತು. ರೈಟ್, ರೈಟ್, ಹೋಲ್ಡಾನ್. ಒಂದೊಂದೇ ಕಿವಿ ನಿಲ್ದಾಣಕ್ಕೆ ಬಂದು ನಿಂತಿತು. ಕೊನೆಯ ಹೋಲ್ಡಾನ್ ಬಿದ್ದ ಮೇಲೆ ಗುರುಸ್ವಾಮಿಯ ಮುಖ ಅರಳಿತು. ನಾನು ಹೊರಗೆ ಬಂದು ಕೇಳಿದೆ. ಹಾಡುಗಾರನ ದನಿ ಎದ್ದು ಬಂದು ನಡುಮನೆಯಲ್ಲಿ ನಿಂತ ಹಾಗಿತ್ತು. ಅಲುಗಬಾರದೆಂದು ನಾಲ್ಕೂ ತಿರುಗುಣಿಗಳ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದೆ.

ಮೀನಾಕ್ಷಮ್ಮ ಚಹಾ ತಂದರು. ಕೊಡುತ್ತ ಕೊಡುತ್ತ ಸ್ವಲ್ಪ ಹೊತ್ತು ಹಾಡು ಕೇಳಿ, "ಅಲ್ರಿ, ಇದಕ್ಕ ಅಲ್ಲೇನು ನಿಮಗೂ ಎರ್ರೆಪ್ಪಣ್ಣಗೂ ದಿನಾ ಜಗಳ ಆಗ್ತಿದ್ದುದು?" ಎಂದರು.

ನನ್ನ ಕೈಯಲ್ಲಿ ಬಟ್ಟಲು ನಿಂತಿತು. "ಯಾವ ಜಗಳ?"

"ಮತ್ತೇನು" ಎಂದರು ಗುರುಸ್ವಾಮಿ. "ಆ ಮನುಷ್ಯಾ ಕಿವಿ ತಪ್ಪು ತಪ್ಪು ಇಡ್ತಿದ್ದ. ಅವ ಪ್ಲೇಟು ಮುಗಿಸಿ ಬಚ್ಚಲಿಗಿ ಹೋದಾಗ ನಾ ಸರಿ ಮಾಡ್ತಿದ್ದೆ. ಬಂದು ಮತ್ತ ಕೆಡಿಸ್ತಿದ್ದ. ಕಡೀಕ ನಾ ಮುಟ್ಟಿದ್ರ ಗೊತ್ತಾಗ್ಲಿ ಅಂತ ಕೆಂಪು ಚುಕ್ಕಿ ಇಟ್ಟ. ಅಷ್ಟು ಹಟ."

"ಹಂಗಾರ ಈಗ ನೀವು ಇಟ್ಟದ್ದು?"

"ಇದು ಸರಿಯಾದದ್ದು. ಇವತ್ತಿಗಿ ಸರಿ ಆತು ನೋಡು."

"ಮಾವ ಎಲ್ಲಿಡ್ತಿದ್ರು, ಹಿರಿಯಾರ?"

"ಎಲ್ಲಿ ಇಡಬಾರದೋ ಅಲ್ಲಿ."

ನಾನು ನೆಲದ ಮೇಲೆ ಕುಸಿದು ಕೂತೆ. ಕುರುಗೋಡಿನ ಬೆಟ್ಟದ ಒಂದು ಬಂಡೆ ಉರುಳಿ ಬಂದು ನನ್ನ ಮೇಲೆ ಬಿದ್ದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ. ಮಾವನ ಸದ್ದು ಹುಡುಕಿಕೊಂಡು ಬಂದು ಮಾವ ಜೀವಮಾನವಿಡೀ ಬೇಡವೆಂದ ಸದ್ದನ್ನು ಪಟ್ಟಿ ಹಚ್ಚಿ ಭದ್ರ ಮಾಡಿದ್ದೆ. ಕೋಪದಿಂದ ಏನಾದರೂ ಅನ್ನೋಣವೆಂದು ಗುರುಸ್ವಾಮಿಯ ಕಡೆ ತಿರುಗಿದೆ. ಅವರು ಗೆದ್ದವರ ಹಾಗೆ ಕಾಣಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಬಂದು ತಿರುವಲಿ ಈಗ" ಅಂದರು ಮೆಲ್ಲಗೆ. "ಬರ್ತಾನೇನು ನೋಡೂಣು."

ಹಾಡು ಮುಗಿದು ಮುಳ್ಳು ಖಾಲಿ ತಿರುಗುತ್ತಿತ್ತು. ಯಾರೂ ಬರಲಿಲ್ಲ. ಮೀನಾಕ್ಷಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಬಟ್ಟಲುಗಳನ್ನು ಎತ್ತಿಕೊಂಡು ಹೋದರು. ನಾನು ಎದ್ದು ಮುಳ್ಳೆತ್ತಿ ಪ್ಲೇಟು ನಿಲ್ಲಿಸಿದೆ.

ಭಾನುವಾರ ಬಂತು. ಸಿರುಗುಪ್ಪದ ಬಸ್ಸಿನಲ್ಲಿ ಅತ್ತೆಯೂ ಬಂದರು. ಒಂದು ಡಬ್ಬಿಯಲ್ಲಿ ಕೆಂಪು ಚಟ್ನಿ, ಒಂದು ಚೀಲದಲ್ಲಿ ರೊಟ್ಟಿ ಹಿಟ್ಟು. ಮೊದಲಿಗಿಂತ ತೆಳ್ಳಗಾಗಿದ್ದರು. ಪೆಟ್ಟಿಗೆಗಳನ್ನು ಕಂಡು, ದೇವರ ಮುಂದೆ ನಿಲ್ಲುವ ಹಾಗೆ ಒಂದು ಕ್ಷಣ ನಿಂತು, ಸೋಫಾದ ಅಂಚಿನಲ್ಲಿ ಕೂತರು. ನೀಲಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನನ್ನ ಕಡೆ ನೋಡಲಿಲ್ಲ.

ಪ್ಲೇಟು ಹಚ್ಚಿದೆ. ಗುರುಸ್ವಾಮಿಯ ಸದ್ದು ನಡುಮನೆಯ ತುಂಬ ಹರಡಿತು. ನನ್ನ ಬಳಿ ಬೇರೆ ಸದ್ದಾದರೂ ಎಲ್ಲಿತ್ತು? ಅತ್ತೆ ತಲೆ ಬಗ್ಗಿಸಿ ಕೇಳಿದರು. ಒಂದು ಪಲ್ಲವಿ ಮುಗಿದ ಮೇಲೆ, "ಚಲೋ ಐತಿ ಅಳಿಯಾರ. ಆದ್ರ ಇದಲ್ಲ" ಅಂದರು.

ಪೆಟ್ಟಿಗೆಯ ಹಿಂದೆ ಓಡಿದೆ. ಪಟ್ಟಿ ಕಿತ್ತು ಟ್ರೆಬಲ್ ಇಳಿಸಿದೆ.

"ಇದೂ ಅಲ್ರಿ."

ಏರಿಸಿದೆ.

"ಇದಲ್ಲ."

ನಡುವಿನದನ್ನು ಇಳಿಸಿದೆ, ಏರಿಸಿದೆ, ಒಂದು ಪೆಟ್ಟಿಗೆ ಹಾಗೆ, ಒಂದು ಪೆಟ್ಟಿಗೆ ಹೀಗೆ. ಪ್ಲೇಟು ಮುಗಿದರೆ ಮತ್ತೆ ಮೊದಲಿಂದ ಹಚ್ಚಿದೆ. ಅತ್ತೆ ಪ್ರತಿ ಸಲವೂ ತಲೆ ಅಲ್ಲಾಡಿಸಿದರು. ಕಡೆಗೆ ತಲೆ ಅಲ್ಲಾಡಿಸುವುದನ್ನೂ ಬಿಟ್ಟು ತಮ್ಮ ಅಂಗೈಗಳನ್ನು ನೋಡುತ್ತ ಕೂತರು. ಅದನ್ನು ನೋಡಲಾರದೆ ನಾನು ಗೋಡೆಸಂದಿಯಿಂದ ಹೊರಬಂದು ಅವರ ಎದುರಿಗೆ ನೆಲದ ಮೇಲೆ ಕೂತೆ.

"ಅತ್ತಿ, ತಪ್ಪಾತು. ಮಾವ ಕೆಂಪು ಚುಕ್ಕಿ ಇಟ್ಟು ಗುರ್ತು ಮಾಡಿದ್ರು. ನಾ ಕಲಿ ಅಂತ ತಿಳ್ಕೊಂಡು ಒರೆಸಿಬಿಟ್ಟೆ. ಇನ್ನ ಅವರ ಸದ್ದು ನನ್ನ ಕೈಲಿ ಬರಂಗಿಲ್ಲ."

ಬೈಯಬಹುದಿತ್ತು. ಅಳಬಹುದಿತ್ತು. ಅತ್ತೆ ಎರಡೂ ಮಾಡಲಿಲ್ಲ. "ಇರ್ಲಿ ಬಿಡ್ರಿ" ಅಂದರು. "ಮನುಷ್ಯಾನ ಇಲ್ಲ, ಸದ್ದು ಎಲ್ಲಿಂದ ಬರ್ತೈತಿ." ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾರವ್ವ ನೀಲಾ, ನಾಕು ರೊಟ್ಟಿ ಬಡಿಯೋಣು" ಎಂದು ಒಳಗೆ ಹೋದರು.

ಪ್ಲೇಟು ತನ್ನ ಪಾಡಿಗೆ ಹಾಡುತ್ತಿತ್ತು. ನಿಲ್ಲಿಸಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ಒಳಗೆ ಗ್ಯಾಸ್ ಹೊತ್ತಿದ ಸದ್ದಾಯಿತು. ಚಹಾದ ಪಾತ್ರೆ ಇಟ್ಟ ಸದ್ದು. ಮರದ ಕೊಣಮಿಗೆಯಲ್ಲಿ ಹಿಟ್ಟು ನಾದುವ ಸದ್ದು. ಆಮೇಲೆ ರೊಟ್ಟಿ ಬಡಿಯುವ ಪಟಪಟ. ಆ ಪಟಪಟ ಇದ್ದಕ್ಕಿದ್ದಂತೆ ನಿಂತಿತು.

"ಅಳಿಯಾರ" ಎಂದರು ಅತ್ತೆ ಒಳಗಿಂದ. "ಮುಟ್ಟಬ್ಯಾಡ್ರಿ. ಇದ ನೋಡ್ರಿ. ಇದ ಅವರದು."

ನಾನು ಜಿಗಿದೆದ್ದೆ. ನಾನು ಏನನ್ನೂ ಮುಟ್ಟಿರಲೇ ಇಲ್ಲ. ಅಡುಗೆಮನೆಗೆ ಓಡಿದೆ. ಅತ್ತೆ ಒಲೆಯ ಮುಂದೆ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು, ಹಿಟ್ಟಿನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು.

"ಬರ್ರಿ ಅತ್ತಿ, ಮುಂದ ಬಂದು ಕುಂತು ಕೇಳ್ರಿ" ಎಂದು ಕರೆದುಕೊಂಡು ಬಂದೆ. ಸೋಫಾದಲ್ಲಿ ಕೂತರು. ಮುಖ ಬಾಡಿತು.

"ಹೋತು. ಇದಲ್ಲ."

"ನಾ ಏನೂ ಮಾಡಿಲ್ಲ ಅತ್ತಿ."

ಅತ್ತೆ ಎದ್ದು ಮತ್ತೆ ಒಳಗೆ ಹೋದರು. "ಬಂತು" ಎಂದರು.

ನಾನೂ ನೀಲಾನೂ ಮುಖ ಮುಖ ನೋಡಿಕೊಂಡೆವು. ಪೆಟ್ಟಿಗೆಯ ಹಿಂದೆ ಹೋಗಿ, ಇದ್ದ ಧೈರ್ಯವನ್ನೆಲ್ಲ ಕೂಡಿಸಿ ನಾಲ್ಕೂ ಕಿವಿಗಳನ್ನು ಬೇಕಾಬಿಟ್ಟಿ ತಿರುಗಿಸಿ, "ಈಗ?" ಎಂದು ಕೂಗಿದೆ.

"ಇದ ಐತಲ್ರಿ" ಎಂದರು ಅತ್ತೆ.

ಇನ್ನೊಮ್ಮೆ ತಿರುಗಿಸಿದೆ. ಆಗಲೂ ಅದೇ ಇತ್ತು. ಕುರುಗೋಡು ಯಾತ್ರೆ, ಬಿಟ್ಟ ಊಟ, ಸವೆದ ಪ್ಲೇಟು, ಎಲ್ಲ ನನ್ನ ಕಣ್ಣ ಮುಂದೆ ಮೆರವಣಿಗೆ ಹೋದವು. ಮೆಲ್ಲಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೇಳಿದೆ, "ಅತ್ತಿ, ಮಾವ ಹಾಡು ಹಚ್ಚಿದಾಗ ನೀವು ಎಲ್ಲಿ ಕುಂದ್ರತಿದ್ರಿ?"

"ಕುಂದ್ರೋದೆಲ್ಲಿ ಬಂತು" ಅಂದರು ಅತ್ತೆ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. "ಅವರು ಹಾಡು ಹಚ್ಚೋರು, ನಾ ಒಲಿ ಹಚ್ಚೋಳು. ಎರಡೂ ಒಂದ ಹೊತ್ತಿಗಿ."

"ಒಂದು ದಿನಾನೂ ಮುಂದ ಕುಂತು ಕೇಳಿಲ್ಲೇನ್ರಿ?"

"ಮುಂದ ಕುಂತ್ರ ಅವರಿಗೂ ಗುರುಸ್ವಾಮಿಗೂ ಚಾ ಮಾಡೋರು ಯಾರಪ್ಪ?"

ನೀಲಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ನಾ ಅಪ್ಪನ ಮುಂದ ಕುಂತ ಕೇಳೀನಿ" ಅಂದಳು, ಯಾರಿಗೆ ಎಂದಿಲ್ಲದೆ. "ಅವ್ವ ಎಲ್ಲದಾಳ ಅಂತ ಒಂದಿನಾನೂ ನೋಡಿಲ್ಲ."

ನಲವತ್ತು ವರ್ಷ ಇಬ್ಬರು ಗಂಡಸರು ಅರ್ಧ ಬೆರಳಿನಷ್ಟು ಟ್ರೆಬಲ್ಲಿಗಾಗಿ ಜಗಳವಾಡಿದ್ದರು. ಗೋಡೆಯ ಆಚೆ ಒಬ್ಬಾಕೆ, ಒಗ್ಗರಣೆಯ ಸಂದಿನಲ್ಲಿ ಬಂದಷ್ಟು ಕೇಳಿಸಿಕೊಂಡು ಅದನ್ನೇ ಗಂಡನ ಸದ್ದು ಎಂದು ಎದೆಯಲ್ಲಿಟ್ಟುಕೊಂಡಿದ್ದಳು. ತಕ್ಷಣ ನನ್ನೊಳಗಿನ ಸೂಪರ್‌ವೈಸರ್ ಎದ್ದು ನಿಂತ.

"ಅತ್ತಿ, ಇವತ್ತು ನೀವು ಹೋಗಿ ಸೋಫಾ ಮ್ಯಾಲೆ ಕುಂದ್ರ್ರಿ. ಚಾ ನಾ ಮಾಡ್ತೀನಿ. ರೊಟ್ಟಿನೂ ನಾನ ಬಡೀತೀನಿ."

ಎಂಥ ಮಾತು. ಆಡಿ ಮುಗಿಸಿದಾಗ ನನಗೇ ರೋಮಾಂಚನವಾಯಿತು. ಅತ್ತೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಆದರೆ ನೋಟ ನನ್ನನ್ನು ಅಳೆಯುವ ಹಾಗಿತ್ತು.

"ನೀವು ರೊಟ್ಟಿ ಬಡದ್ರ ತಿನ್ನೋರು ಯಾರು? ಅಲ್ಲಿ ಕುಂತ್ರ ಇದು ಅವರ ಸದ್ದು ಆಗಂಗಿಲ್ರಿ. ನನಗ ಇಲ್ಲೇ ಇರಾಕ ಬಿಡ್ರಿ. ನೀವು ಒಂದು ಕೆಲಸ ಮಾಡ್ರಿ."

"ಹೇಳ್ರಿ ಅತ್ತಿ, ಏನು ಬೇಕಾದ್ರೂ ಮಾಡ್ತೀನಿ."

"ಹೋಗಿ ಪೆಟಿಗಿ ಮುಂದ ಕುಂದ್ರ್ರಿ. ಅಲ್ಲಿಂದ ಒಂದು ಸಲ 'ಚಾ ಆತೇನು' ಅಂತ ಕೇಳ್ರಿ."

ನಾನು ಹೋಗಿ ಕೂತೆ. ಪ್ಲೇಟು ಮೊದಲಿಂದ ಹಚ್ಚಿದೆ. ಒಳಗೆ ರೊಟ್ಟಿಯ ಪಟಪಟ ಮತ್ತೆ ಶುರುವಾಯಿತು. ಘಟಕದಲ್ಲಿ ಅಷ್ಟು ಯಂತ್ರಗಳ ಮೇಲೆ ಕೂಗುವ ನನ್ನ ಬಾಯಿ ಒಣಗಿತು.

"ಚಾ ಆತೇನ್ರಿ ಅತ್ತಿ?" ಎಂದೆ.

"ರಿ ಬ್ಯಾಡ. ಅತ್ತಿನೂ ಬ್ಯಾಡ."

ಕಣ್ಣು ಮುಚ್ಚಿಕೊಂಡೆ. ಗಂಟಲು ಸರಿಮಾಡಿಕೊಂಡೆ.

"ಚಾ ಆತೇನು?"

ಪಟಪಟ ನಿಂತಿತು. ಹಾಡಿನ ಒಂದು ಸಾಲು ಹೋಯಿತು, ಇನ್ನೊಂದು ಸಾಲು ಹೋಯಿತು. ಕಡೆಗೆ ಅತ್ತೆಯ ದನಿ ಬಂತು. ಸಾರಿಗೆ ಉಪ್ಪು ಕಡಿಮೆಯಾದರೂ ವರ್ಷವಿಡೀ ಸುಮ್ಮನಿದ್ದ ಹೆಂಗಸು.

"ಸ್ವಲ್ಪ ದನಿ ದಪ್ಪ ಮಾಡ್ರಿ ಅಳಿಯಾರ. ಅವರದು ಇಷ್ಟು ಕೀರಲು ಇರ್ಲಿಲ್ಲ."